ವಿಳಾಸದ ಕಾಲಂ

೧
ಎಲ್ಲಿಂದ ಶುರುಮಾಡಲಿ? ಶಾಲೆಯ ಗೇಟಿನಿಂದ ಶುರುಮಾಡಿದರೆ ಭಾಷಣದಂತಾಗುತ್ತದೆ: ಐವತ್ತು ವರ್ಷದ ಹಿಂದೆ, ಶಾಲೆ ಸೇರಿಸಿಕೊಳ್ಳದ ಮಕ್ಕಳನ್ನು ಕಟ್ಟಿಕೊಂಡು ಒಬ್ಬ ಹೆಂಗಸು ಅಲ್ಲಿ ಹನ್ನೊಂದು ದಿನ ಕೂತಳು, ಜೈಲಿಗೂ ಹೋದಳು. ಈಗ ಆ ಸರ್ಕಾರಿ ಶಾಲೆಯ ಇಡೀ ಆವರಣಕ್ಕೆ ಅವಳದೇ ಹೆಸರು.

(ಈ ಡ್ರಾಫ್ಟ್ ಹರಿದು ಹಾಕಿದೆ. ಬರೆದ ನನಗೇ ಆಕಳಿಕೆ ಬಂತು.)

೨
ಅಕ್ಕನಿಂದ ಶುರುಮಾಡುತ್ತೇನೆ. ಅವಳು ಆ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ದಾಖಲಾತಿಯ ಕೊನೆಯ ದಿನ ಒಬ್ಬ ತಾಯಿ ಎಂಟು ವರ್ಷದ ಮಗಳ ಕೈ ಹಿಡಿದು ಬಂದಳು. ಬಾಡಿಗೆ ಮನೆ ಬಿಡಿಸಿದ್ದರು. ತಾನು ಬಟ್ಟೆ ಹೊಲಿಯುವ ಕಾರ್ಖಾನೆಯ ಗೋದಾಮಿನಲ್ಲೇ ಮಗಳನ್ನೂ ಮಲಗಿಸಿಕೊಳ್ಳುತ್ತಿದ್ದಳು.

"ವಿಳಾಸ ಇಲ್ಲದೆ ಆಗಲ್ಲಮ್ಮ," ಅಂದರು ಹೆಡ್‌ಮಾಸ್ಟರು.

"ಹೋದ ವರ್ಷಾನೂ ಹಿಂಗೇ ಅಂದ್ರಿ ಸಾರ್. ಇವಳು ಇನ್ನೆಷ್ಟು ವರ್ಷ ಚಿಕ್ಕವಳಾಗೇ ಇರ್ತಾಳೆ?"

ಹೆಡ್‌ಮಾಸ್ಟರು ಊಟಕ್ಕೆ ಎದ್ದರು. ಅಕ್ಕ ಖಾಲಿ ಕಾಲಂ ನೋಡುತ್ತ ಕೂತಳು. ಆಮೇಲೆ ಅದರಲ್ಲಿ ನಮ್ಮ ಮನೆಯ ವಿಳಾಸ ಬರೆದು, ಕೈಚೀಲದಲ್ಲಿದ್ದ ನಮ್ಮ ಕರೆಂಟ್ ಬಿಲ್ಲನ್ನೇ ಲಗತ್ತಿಸಿ ಸೀಲು ಒತ್ತಿದಳು. ಆಗ ಅವಳಿಗೆ ಗೇಟಿನೆದುರು ಕೂತ ಆ ಹೆಂಗಸು ನೆನಪಾಗಿದ್ದಳು...

ನನ್ನ ಬೆನ್ನ ಹಿಂದೆ ನಿಂತು ಇದನ್ನು ಓದುತ್ತಿದ್ದ ಅಕ್ಕ ತಡೆದಳು. "ಅವಳ್ಯಾಕೆ ನೆನಪಾಗ್ತಾಳೆ? ಗೇಟಿನ ಮೇಲೆ ಅವಳ ಹೆಸರಿನ ಬೋರ್ಡು ದಿನಾ ನೋಡಿ ನೋಡಿ ಕಣ್ಣಿಗೆ ಕಾಣೋದೇ ಇಲ್ಲ. ಹೆಡ್‌ಮಾಸ್ಟರು ಊಟ ಮುಗಿಸಿ ಬರೋದ್ರೊಳಗೆ ಮುಗಿಸ್ಬೇಕಿತ್ತು. ಅಷ್ಟು ಬರಿ."

ಹೆಡ್‌ಮಾಸ್ಟರು ಊಟ ಮುಗಿಸಿ ಬರುವುದರೊಳಗೆ ಮುಗಿಸಬೇಕಿತ್ತು.

೩
ಎರಡು ವಾರಕ್ಕೆ ಸುತ್ತೋಲೆ ಬಂತು: ಅಧಿಕಾರಿಯೊಬ್ಬರು ಮನೆಮನೆಗೆ ಹೋಗಿ ವಿಳಾಸ ಪರಿಶೀಲಿಸುತ್ತಾರೆ. ಅಕ್ಕನಿಗೆ ಅನ್ನ ಸೇರದಾಯಿತು.

"ನನ್ನ ಕೆಲಸ ಹೋದ್ರೆ ಹೋಗ್ಲಿ. ಆ ಮಗೂನ ಕ್ಲಾಸಿಂದ ಎಬ್ಬಿಸಿ ಕಳಿಸ್ತಾರಲ್ಲ ಕಣೇ."

ನಾನು ಎರಡು ಮುಕ್ತಾಯ ಮುಂದಿಟ್ಟೆ. ಒಂದು, ಅಧಿಕಾರಿ ಬರುವುದೇ ಇಲ್ಲ. ಎರಡು, ಬಂದವನು ಪುಣ್ಯಾತ್ಮ.

"ಕತೇಲಿ ಬರ್ಕೋ," ಅಂದಳು.

ಸುಳ್ಳು ಹೆಣೆಯುವುದೇ ನನ್ನ ಕಸುಬು. ಈ ಒಂದು ಸುಳ್ಳನ್ನು ಮಾತ್ರ ನಿಜ ಮಾಡಿಬಿಡುವುದೇ ಸುಲಭ ಅನ್ನಿಸಿತು. ಭಾನುವಾರ ಗೋದಾಮಿಗೆ ಹೋದೆ.

"ನಮ್ಮನೇಲಿ ಒಂದು ರೂಮಿದೆ. ಅಲ್ಲಿ ನಾನು ಕೂತು ಬರೀತೀನಿ, ಅಷ್ಟೇ."

ತಾಯಿ ನನ್ನ ಮುಖವನ್ನೇ ನೋಡಿದಳು. "ಎಷ್ಟು ದಿನಕ್ಕೆ?"

ಮನೆಯ ಇನ್ನೊಂದು ಬೀಗದ ಕೈ ಅವಳ ಮುಂದಿಟ್ಟೆ. (ಎಷ್ಟು ದಿನಕ್ಕೆಂದು ಈಗಲೂ ಗೊತ್ತಿಲ್ಲ.) ಆದರೂ ಸಂಜೆ ತಾಯಿ, ಮಗಳು ಎರಡು ಚೀಲ ಹಿಡಿದು ಬಂದರು.

೪
ಬುಧವಾರ ಬೆಳಗ್ಗೆ ಅಧಿಕಾರಿ ಬಂದರು. ಮನೆಯಲ್ಲಿ ನಾನೊಬ್ಬಳೇ. ರೂಮಿನಲ್ಲಿ ಮಡಚಿಟ್ಟ ಹಾಸಿಗೆ, ಮೇಜಿನ ಮೇಲೆ ಮಗ್ಗಿ ಪುಸ್ತಕ ನೋಡಿದರು.

"ಯಾವಾಗಿಂದ ಇದಾರೆ?"

ಇಷ್ಟು ವರ್ಷ ಪುಟಗಟ್ಟಲೆ ಸಂಭಾಷಣೆ ಬರೆದವಳ ಬಾಯಿಂದ ಬಂದದ್ದು ಒಂದೇ ಸಾಲು. "ಇಲ್ಲೇ ಇದಾರೆ ಸಾರ್," ಅಂದೆ.

ಅವರು ನನ್ನನ್ನೊಮ್ಮೆ ನೋಡಿ, ಫೈಲಿನಲ್ಲಿ ಒಂದು ಸಾಲು ಬರೆದುಕೊಂಡು ಹೊರಟುಹೋದರು. ಏನು ಬರೆದರು? ಓದುಗರೇ, ನನಗೂ ಕಾಣಲಿಲ್ಲ. ಈ ಕತೆಯಲ್ಲಿ ನಾನು ಬರೆಯದ ಸಾಲು ಅದೊಂದೇ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

೫
ಅಕ್ಕ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ದಿನವೂ ಕೇಳುತ್ತೇನೆ, "ವಿಳಾಸದ ಬಗ್ಗೆ ನೋಟೀಸು ಏನಾದ್ರೂ ಬಂತಾ?"

"ಇನ್ನೂ ಇಲ್ಲ."

ನನ್ನ ಮೇಜು ಈಗ ಹುಡುಗಿಯದು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಬರೆಯುತ್ತೇನೆ. ಇದೀಗ ಅವಳು ಬಂದು ಹಾಳೆಯೊಳಗೆ ಇಣುಕಿದಳು.

"ಆಂಟಿ, ಇದು ನಮ್ಮ ಕತೆನಾ? ಕೊನೇಲಿ ಏನಾಗತ್ತೆ?"

"ಗೊತ್ತಿಲ್ಲ ಪುಟ್ಟಿ."

ಹಾಳೆ ಬಿಟ್ಟು ಮಗ್ಗಿ ಪುಸ್ತಕ ಕೈಗೆತ್ತಿಕೊಂಡಳು. "ಸೋಮವಾರ ನಂಗೆ ಟೆಸ್ಟಿದೆ. ಅಲ್ಲೀತನಕ ಮುಗಿಸ್ಬೇಡಿ."

ಮುಗಿಸಿಲ್ಲ.