ಪಾದಪೂಜೆಗೆ ಬಡಿದ ಹಲಗೆ

“ಲೇ ಸಕ್ರ್ಯಾ, ಮೊದ್ಲ ಆ ಅಂಗಿ ಬಿಚ್ಚಲೇ. ಹಲಗಿ ಬಡ್ಯಾಕ ಬಂದೀಯೋ, ಬೀಗರ ಮನ್ಯಾಗ ಉಣ್ಣಾಕ ಬಂದೀಯೋ?”

ಶಾಲೆಯ ಗೇಟಿನೊಳಗೆ ಒಂದು ಕಾಲಿಟ್ಟಿದ್ದ ಸಕ್ರಪ್ಪ ಅಲ್ಲೇ ನಿಂತ. ಬಯಲಿನಲ್ಲಿ ಪೆಂಡಾಲು ಬಿಗಿಯುತ್ತಿದ್ದ ಹುಡುಗರು ತಿರುಗಿ ನೋಡಿದರು. ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ ಅಂಬರೀಶಗೌಡ ಎಲೆಯಡಿಕೆ ಉಗುಳಿ ಮತ್ತೆ ಅದೇ ಮಾತು ಹೇಳಿದ. ಶಾಲೆಯ ಕಮಿಟಿಗೆ ಅವನೇ ಅಧ್ಯಕ್ಷ. ಸಕ್ರಪ್ಪ ದುಡಿಯುವ ಹೊಲ ಅವನದು.

“ನಾ ಹಲಗಿ ಬಡ್ಯಾಕ ಬಂದಿಲ್ರೀ ಗೌಡ್ರ. ಹೆಡ್ ಮಾಸ್ತರ ಹೇಳಿಕಳಿಸ್ಯಾರ. ಶೈಲಾಗ ಸನ್ಮಾನ ಐತಿ, ತಾಯಿ-ತಂದಿ ಇಬ್ರೂ ಬರ್ಬೇಕಂತ...”

“ಬಂದೀಯಲ್ಲಪಾ. ಬರೇ ಕೈಲೆ ಯಾಕ ಬಂದಿ? ಸಾಹೇಬ್ರು ಗದಗ ಬಿಟ್ಟಾರಂತ. ಅಗಸಿಯಿಂದ ಮೆರವಣಿಗಿ ಐತಿ. ಹೋಗ, ಜಲ್ದಿ ಹಲಗಿ ತಗೊಂಬಾ. ಮಗಳ ಫಸ್ಟ್ ಬಂದ್ಲಂದ್ರ ಅಪ್ಪ ಸಾಹೇಬ ಆಗಂಗಿಲ್ಲಲೇ, ಹಲ್ಕಟ್.”

ಹುಡುಗರು ನಕ್ಕರು.

ಶೈಲಾ ಹೋದ ವರ್ಷ ಇದೇ ಶಾಲೆಯಿಂದ ಹತ್ತನೆಯ ತರಗತಿ ಪಾಸಾಗಿದ್ದಳು. ಶಿರಹಟ್ಟಿ ತಾಲೂಕಿನ ಸರಕಾರಿ ಶಾಲೆಗಳಿಗೆಲ್ಲ ಅವಳೇ ಮೊದಲು. ಈಗ ಗದಗಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ವಾರ್ಷಿಕೋತ್ಸವದ ದಿನ ಊರಿನ ಜಾಣ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುವುದು, ಅದಕ್ಕೂ ಮೊದಲು ಆ ಮಕ್ಕಳಿಂದ ತಂದೆತಾಯಿಯ ಪಾದಪೂಜೆ ಮಾಡಿಸುವುದು ಎಂದು ಕಮಿಟಿ ಗೊತ್ತುಮಾಡಿತ್ತು. ಹೆಡ್ ಮಾಸ್ತರ ಜಯತೀರ್ಥ ತಾವೇ ಕೇರಿಯ ತನಕ ಬಂದು, ಒಳಗೆ ಬಾರದೆ ಹೊರಗಿನ ಬೇವಿನ ಗಿಡದ ಕೆಳಗೆ ನಿಂತು ಹೇಳಿಹೋಗಿದ್ದರು.

ಸಕ್ರಪ್ಪನ ಮೈಮೇಲಿದ್ದ ಬಿಳಿ ಅಂಗಿಯನ್ನು ಮಗಳು ಗದಗಿನಿಂದ ತಂದಿದ್ದಳು. ಅವನ ಹೆಂಡತಿ ಅಮೃತವ್ವ ಇದೇ ಶಾಲೆಯ ಕಸ ಗುಡಿಸುವವಳು, ಪಾಯಖಾನೆ ತೊಳೆಯುವವಳು. ಇವತ್ತು ನಸುಕಿನಲ್ಲೇ ಬಂದು ಬಯಲನ್ನೆಲ್ಲ ಗುಡಿಸಿ, ನೀರು ಚಿಮುಕಿಸಿ, ಮನೆಗೆ ಹೋಗಿ ಮದುವೆಯ ಸೀರೆ ಉಟ್ಟು ಗಂಡನ ಹಿಂದೆ ಬಂದಿದ್ದಳು.

“ಬ್ಯಾಡ,” ಎಂದಳು ಅವಳು, ಗೇಟಿನಾಚೆ ಅವನ ತೋಳು ಹಿಡಿದು. “ದಿನಾ ಬಡೀರಿ, ನಾ ಏನಂತೀನಿ? ಇವತ್ತೊಂದಿನ ಬ್ಯಾಡ. ಕೂಸು ನೋಡ್ತೈತಿ.”

“ಬ್ಯಾಡಂದ್ರ ನಾಳಿ ನಿನ್ನ ಕೈಯಾಗಿನ ಕಸಬರಗಿ ಕಸಗೋತಾನ. ನನಗ ಹೊಲ ಬಂದ್ ಆಗತೈತಿ. ಆಕೀನ ಹಾಸ್ಟೆಲಿಗೆ ಕಳಸೂದು ಹೆಂಗ?” ಸಕ್ರಪ್ಪ ಗುಂಡಿ ಬಿಚ್ಚತೊಡಗಿದ. “ಆಕಿ ಕೊಳ್ಳಾಗೊಂದು ಹಾರ ಬೀಳಲಿ. ಅಲ್ಲೀತನ ಏನಂದ್ರೂ ಬಡೀತೀನಿ.”

ಬಿಚ್ಚಿದ ಅಂಗಿಯನ್ನು ಮಡಚಿ ಹೆಂಡತಿಯ ಕೈಗೆ ಕೊಟ್ಟು ಕೇರಿಯ ಕಡೆ ಓಡಿದ.

ಊರ ಹೆಬ್ಬಾಗಿಲಾದ ಅಗಸಿಯ ಬಳಿ ಜೋಳದ ದಂಟಿಗೆ ಬೆಂಕಿ ಹಚ್ಚಿ ಅವನು ಹಲಗೆಯ ತೊಗಲು ಕಾಯಿಸುತ್ತಿರುವಾಗಲೇ ಮುಖ್ಯ ಅತಿಥಿಗಳ ಕಾರು ಬಂತು. ಹಿಂದೊಮ್ಮೆ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು ಅವರು. ಕಾರಿನಿಂದಿಳಿದದ್ದೇ ಮೊಬೈಲ್ ತೆಗೆದು ವಿಡಿಯೋ ಹಿಡಿಯಲು ನಿಂತರು. ಮಕ್ಕಳು ಎರಡು ಸಾಲಾಗಿ ನಿಂತಿದ್ದರು. ಕಳೆದ ವರ್ಷದ ಜಾಣರು ಎಲ್ಲರಿಗಿಂತ ಮುಂದೆ. ಶೈಲಾ ಕೈಯಲ್ಲೊಂದು ಗುಲಾಬಿ ಹಿಡಿದಿದ್ದಳು. ಹಲಗೆಯ ಮೊದಲ ಪೆಟ್ಟು ಬಿದ್ದಾಗ ತಲೆ ಎತ್ತಿದಳು. ಬನಿಯನ್ನಿನಲ್ಲಿ, ಬರಿಗಾಲಲ್ಲಿ, ಅವಳಿಗೆ ಬೆನ್ನು ಮಾಡಿ ಅಪ್ಪ ಬಡಿಯುತ್ತಿದ್ದ.

“ಕುಣಿಲೇ!” ಗೌಡ ಕೂಗಿದ. “ಸಾಹೇಬ್ರು ವಿಡಿಯೋ ಮಾಡಾಕತ್ತಾರ, ಹಂಗ ಕಂಬ ನಿಂತಂಗ ನಿಂತ ಬಡೀತೀಯಲ್ಲ! ಕುಣಿ!”

ಸಕ್ರಪ್ಪ ಕುಣಿದ. ಮೊಣಕಾಲು ಮಡಚಿ, ಹಿಂದೆ ಮುಂದೆ ಬಾಗಿ, ಸುತ್ತು ಹಾಕಿದ. ಸುತ್ತಿದಾಗಲೊಮ್ಮೆ ಮಗಳ ಮುಖ ಎದುರಾಗುತ್ತಿತ್ತು. ಎದುರಾದಾಗಲೆಲ್ಲ ಕಣ್ಣು ನೆಲಕ್ಕಿಳಿಸುತ್ತಿದ್ದ. ಸದ್ದಿಗೆ ಬೆದರಿ, ಮಾಗಡಿ ಕೆರೆಯಿಂದ ಮೇಯಲು ಬಂದು ಕಡಲೆ ಹೊಲದಲ್ಲಿ ಇಳಿದಿದ್ದ ಹಕ್ಕಿಗಳು ಒಮ್ಮೆಲೇ ಮೇಲೆದ್ದವು.

“ಅವ್ರು ನಿಮ್ಮಪ್ಪ ಅಲ್ಲನ?” ಪಕ್ಕದ ಹುಡುಗಿ ಮೆಲ್ಲಗೆ ಕೇಳಿದಳು.

“ಹೌದು. ನಮ್ಮಪ್ಪ.” ಶೈಲಾ ಗಟ್ಟಿಯಾಗಿಯೇ ಹೇಳಿದಳು. ಗುಲಾಬಿಯ ಮುಳ್ಳು ಅಂಗೈಗೆ ಚುಚ್ಚಿದ್ದು ಅವಳಿಗೆ ಆಮೇಲೆ ಗೊತ್ತಾಯಿತು.

“ಭಾಳ ಛಲೋ ಬಾರಸ್ತಾನ,” ಎಂದರು ಅತಿಥಿಗಳು. “ಯಾರಿವ?”

“ನಮ್ಮ ಹೊಲದ ಆಳು ಬಿಡ್ರಿ,” ಎಂದ ಗೌಡ.

ಇತ್ತ ಶಾಲೆಯ ಬಯಲಿನಲ್ಲಿ ಅಮೃತವ್ವ ಪೆಂಡಾಲಿನ ಹೊರಗೆ, ನೀರಿನ ಟಾಕಿಯ ನೆರಳಿನಲ್ಲಿ ಕುಳಿತಿದ್ದಳು. ವೇದಿಕೆಯ ಮೇಲೆ ತಂದೆತಾಯಿಗಳಿಗೆಂದು ಸಾಲಾಗಿ ಕುರ್ಚಿ ಹಾಕಿದ್ದು ಅಲ್ಲಿಂದ ಕಾಣುತ್ತಿತ್ತು. ಪ್ರತಿ ಕುರ್ಚಿಯ ಮುಂದೊಂದು ಹಿತ್ತಾಳೆಯ ತಾಟು, ಒಂದು ತಂಬಿಗೆ ನೀರು. ಮುಂಜಾನೆ ಅವಳು ಕಲ್ಲಿನಿಂದ ಹಿಮ್ಮಡಿ ತಿಕ್ಕಿ ತಿಕ್ಕಿ ತೊಳೆದಿದ್ದಳು. ಎಷ್ಟು ತಿಕ್ಕಿದರೂ ಬಿರುಕಿನೊಳಗಿನ ಕಪ್ಪು ಹೋಗಿರಲಿಲ್ಲ. ಮೇಲೆ ಅರಿಷಿಣ ಹಚ್ಚಿಕೊಂಡಿದ್ದಳು.

ಜಯತೀರ್ಥ ಮಾಸ್ತರರು ಅತ್ತಿತ್ತ ನೋಡುತ್ತ ಅವಳ ಹತ್ತಿರ ಬಂದರು.

“ಅಮೃತವ್ವ, ಒಂದ ಮಾತು. ಬ್ಯಾಸರ ಮಾಡ್ಕೋಬ್ಯಾಡ.”

“ಹೇಳ್ರೀ ಸರ್.” ಅವಳು ಎದ್ದು ನಿಂತಳು.

“ಗೌಡರ ತಾಯಿ ಬಸಲಿಂಗವ್ವನವರು ಬಂದಾರ. ಈ ಶಾಲಿಗೆ ಜಾಗಾ ಕೊಟ್ಟವರು ಅವರು. ಊರಿಗೇ ತಾಯಿ ಇದ್ದಂಗ. ಶೈಲಾ ಫಸ್ಟ್ ಬಂದಾಕಿ ಅಲ್ಲೇನು, ಆಕಿ ಅವರ ಪಾದಪೂಜಿ ಮಾಡಿದ್ರ ಶೋಭಾ ಇರ್ತದಂತ ಕಮಿಟಿಯವರು...”

“ಆಕೀಗೆ ನಾ ಇದ್ದೀನಲ್ರೀ.”

“ಇದ್ದೀ, ಇದ್ದೀ. ಇಲ್ಲಂತ ಯಾರಂದ್ರು? ಆದರ ಆ ತಾಟು ಗುಡೀವು. ಹನಮಂತದೇವರ ನೈವೇದ್ಯಕ್ಕ ಇಡೂವು.”

ಅಮೃತವ್ವ ತಾಟುಗಳ ಕಡೆ ನೋಡಿದಳು. “ನಮ್ಮನ್ಯಾಗ ಸ್ಟೀಲಿನ ತಾಟ ಐತ್ರಿ. ಹೊಸಾದು. ಒಮ್ಮೀನೂ ಉಂಡಿಲ್ಲ ಅದರಾಗ. ಓಡಿ ಹೋಗಿ ತರ್ತೀನ್ರೀ ಸರ್.”

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. “ತಾಟಿನ ಮಾತಲ್ಲವಾ ಅದು. ಗೌಡರ ತಾಯಿ ಬಾಜೂಕ ಕುರ್ಚಿ...” ಅವರು ಕನ್ನಡಕ ಮತ್ತೆ ಏರಿಸಿಕೊಂಡರು. “ನಂದೂ ನೌಕರಿ ಅದ. ಹುಡುಗಿಗೆ ಪದಕ ತಪ್ಪಂಗಿಲ್ಲ, ಅದರ ಜವಾಬ್ದಾರಿ ನಂದು. ನೀ ಇಲ್ಲೇ ಕೂತು ನೋಡು. ಇಲ್ಲಿಂದನೂ ಛಂದ ಕಾಣ್ತದ.”

ಅವರು ಹೋದ ಮೇಲೆ ಅಮೃತವ್ವ ಕುಳಿತಳು. ಸೀರೆಯ ಅಂಚನ್ನು ಎಳೆದು ಎರಡೂ ಪಾದ ಮುಚ್ಚಿಕೊಂಡಳು.

ಮೆರವಣಿಗೆ ಬಂತು. ಅತಿಥಿಗಳು, ಗೌಡ, ಹಿರಿಯರು ವೇದಿಕೆ ಹತ್ತಿದರು. “ಪದಕ ಹಾಕೂಮುಂದ ಜೋರ ಬಡೀಬೇಕು, ಅಲ್ಲೀತನ ಇಲ್ಲೇ ನಿಂದ್ರು,” ಎಂದು ಸಕ್ರಪ್ಪನನ್ನು ವೇದಿಕೆಯ ಪಕ್ಕಕ್ಕೆ ನಿಲ್ಲಿಸಿದರು. ಪಾದಪೂಜೆ ಶುರುವಾಯಿತು. ಮೈಕಿನ ಮುಂದೆ ನಿಂತ ಶಾಲೆಯ ಮೇಡಂ ಹೆತ್ತವರ ಋಣದ ಬಗ್ಗೆ ಹೇಳಿದರು. ಮಕ್ಕಳು ಕಾಲು ತೊಳೆದರು, ಹೂವಿಟ್ಟರು. ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡು ಮಕ್ಕಳನ್ನು ಅಪ್ಪಿಕೊಂಡರು. ಕೆಳಗೆ ಕುಳಿತ ಮಂದಿ ಚಪ್ಪಾಳೆ ತಟ್ಟಿದರು.

“ಈಗ ನಮ್ಮ ಶಾಲೆಯ ಹೆಮ್ಮೆ, ಕುಮಾರಿ ಶೈಲಾ ಸಕ್ರಪ್ಪ. ಶಾಲೆಯ ಭೂದಾನಿಗಳಾದ ಮಾತೋಶ್ರೀ ಬಸಲಿಂಗವ್ವನವರ ಪಾದಪೂಜೆ ಮಾಡಿ ಧನ್ಯಳಾಗಬೇಕು.”

ವೇದಿಕೆ ಹತ್ತಿದ್ದ ಶೈಲಾ ಅಲ್ಲೇ ನಿಂತಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಕುರ್ಚಿಗಳ ಸಾಲಿನಲ್ಲಿ ಅವ್ವನನ್ನು ಹುಡುಕಿದಳು. ಪೆಂಡಾಲಿನಲ್ಲಿ ಹುಡುಕಿದಳು. ಕಡೆಗೆ ದೂರದಲ್ಲಿ ಟಾಕಿಯ ಹತ್ತಿರ ಮದುವೆಯ ಸೀರೆ ಕಂಡಿತು.

“ಸರ್, ನಮ್ಮವ್ವ ಅಲ್ಲಿ...”

“ಕುಂಡ್ರವಾ,” ಹಿಂದಿನಿಂದ ಗೌಡ ತಗ್ಗಿದ ದನಿಯಲ್ಲಿ ಹೇಳಿದ. ಮುಖದ ಮೇಲೆ ನಗು ಹಾಗೇ ಇತ್ತು. “ನಿಮ್ಮವ್ವ ನಾಳಿಗೂ ಈ ಶಾಲಿಗೆ ಬರ್ಬೇಕೋ ಬ್ಯಾಡೋ? ಕುಂಡ್ರು.”

ಶೈಲಾ ಮಂಡಿಯೂರಿದಳು. ತಂಬಿಗೆ ಎತ್ತಿದಳು. ಬಸಲಿಂಗವ್ವನ ಬಿರುಕಿಲ್ಲದ ಪಾದಗಳು ತಾಟಿನಲ್ಲಿದ್ದವು. ಮುದುಕಿ ಕಣ್ಣು ಕಿರಿದು ಮಾಡಿ ಬಾಗಿ ನೋಡಿದಳು.

“ಯಾರ ಮಗಳಬೇ ನೀ?”

“ಅಮೃತವ್ವನ ಮಗಳ್ರಿ.”

“ಯಾವ ಅಮೃತಿ? ಕಸಾ ಹೊಡ್ಯಾಕೀನ?” ಮುದುಕಿಯ ಪಾದ ತಟಕ್ಕನೆ ಹಿಂದಕ್ಕೆ ಸರಿಯಿತು. “ಮ್ಯಾಲಿಂದ ನೀರ ಹಾಕು. ಮುಟ್ಟಬ್ಯಾಡ.”

ಮೇಡಂ ಮೈಕನ್ನು ಆಶೀರ್ವಾದಕ್ಕೆಂದು ಮುದುಕಿಯ ಬಾಯಿಯ ಹತ್ತಿರ ಹಿಡಿದಿದ್ದರು. ‘ಮುಟ್ಟಬ್ಯಾಡ’ ಎಂಬುದು ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಿಂದ ಇಡೀ ಬಯಲಿಗೆ, ಬಯಲಿನಾಚೆಯ ಓಣಿಗಳಿಗೆ ಕೇಳಿಸಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೇಡಂ ಮೈಕನ್ನು ಎದೆಗೆ ಒತ್ತಿಕೊಂಡರು.

ಶೈಲಾ ಮೇಲಿನಿಂದ ನೀರು ಹಾಕಿದಳು. ಅರ್ಧ ನೀರು ತಾಟಿನ ಹೊರಗೆ ಬಿತ್ತು.

ಆಗ ಹಲಗೆ ಕೇಳಿಸಿತು. ಒಂದು ಪೆಟ್ಟು. ತಡೆದು ಇನ್ನೊಂದು. ಆಮೇಲೆ ಎರಡು ಕೂಡಿ.

“ಈಗಲ್ಲಲೇ, ಪದಕ ಹಾಕೂಮುಂದ!” ಗೌಡ ಕೈ ಬೀಸಿದ.

ಸಕ್ರಪ್ಪ ನಿಲ್ಲಿಸಲಿಲ್ಲ. ಪೆಂಡಾಲಿನಲ್ಲಿ ಕುಳಿತಿದ್ದ ಮುದುಕ ಬೀರಲಿಂಗಪ್ಪನಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. ಅವನು ದಡಬಡಿಸಿ ಎದ್ದು ತಲೆಯ ರುಮಾಲು ತೆಗೆದ.

“ಯಾರ ಸತ್ತಾರೋ?” ಎಂದು ಕೇಳಿದ.

ಅದು ಹೆಣದ ಮುಂದೆ ಬಡಿಯುವ ಬಡಿತ. ಆ ಸೀಮೆಯಲ್ಲಿ ಅದು ಕಿವಿಗೆ ಬಿದ್ದರೆ ಉಣ್ಣುವವರು ತುತ್ತು ಬಿಟ್ಟು ಬಾಗಿಲಿಗೆ ಬರುತ್ತಾರೆ. ಕೇರಿಯಲ್ಲಿ ಹಲಗೆ ಇದ್ದವರು ಯಾರು ಏನೆಂದು ಕೇಳದೆ ಹಲಗೆ ಹೊತ್ತು ಸದ್ದಿನ ಕಡೆಗೆ ಹೊರಡುತ್ತಾರೆ. ಗಂಡನ ಹೆಣದ ಹಿಂದೆ ಅಗಸಿಯ ತನಕ ಅದೇ ಬಡಿತ ಕೇಳುತ್ತ ನಡೆದಿದ್ದ ಬಸಲಿಂಗವ್ವ ಎರಡೂ ಕಾಲು ಎಳೆದುಕೊಂಡು ಚೀರಿದಳು.

“ಅಯ್ಯಯ್ಯಪ್ಪಾ! ನನ್ನ ಮುಂದ ಬಡ್ಯಾಕತ್ತಾನಲ್ಲೋ ಅಂಬರೀಶಾ! ನಾ ಜೀವಂತ ಅದೀನೋ!”

ತಾಟು ಮಗುಚಿತು. ಗೌಡ ವೇದಿಕೆಯಿಂದ ಜಿಗಿದು ಸಕ್ರಪ್ಪನ ಬನಿಯನ್ನಿನ ಕೊರಳು ಹಿಡಿದ.

“ಬೋಳಿಮಗನ, ಯಾರ ಸತ್ತಾರಂತ ಬಡೀತೀಯಲೇ?”

“ನಾನ ಸತ್ತೀನ್ರೀ ಗೌಡ್ರ.” ಸಕ್ರಪ್ಪನ ಕೈ ಬಡಿಯುತ್ತಲೇ ಇತ್ತು. “ಮುಂಜಾನಿ ಗೇಟಿನ್ಯಾಗ ಅಂಗಿ ಬಿಚ್ಚಿಸಿದ್ರಲ್ಲ, ಆವಾಗ ಸತ್ತೀನಿ. ನನ್ನ ಹೆಣದ ಮುಂದ ನಾನ ಬಡ್ಕೊಳ್ಳಾಕತ್ತೀನಿ.”

ಮೊದಲ ಒದೆತ ಹೊಟ್ಟೆಗೆ ಬಿತ್ತು. ಪೆಂಡಾಲು ಬಿಗಿಯುತ್ತಿದ್ದ ಹುಡುಗರೂ ಬಂದರು. ಕೋಲು ಕಸಿದು ಮುರಿದರು. ಅವನು ಅಂಗೈಯಿಂದ ಬಡಿದ. ನೆಲಕ್ಕೆ ಕೆಡವಿ ತುಳಿದರು. ಹಲಗೆ ಎದೆಯ ಕೆಳಗೆ ಸಿಕ್ಕಿಕೊಂಡಿತ್ತು. ಬೆರಳು ತಲುಪಿದಷ್ಟು ಜಾಗದಲ್ಲಿ ಅವನು ಬಡಿದ. ಗೌಡ ಬೂಟಿನ ಹಿಮ್ಮಡಿಯನ್ನು ಆ ಕೈಯ ಮೇಲಿಟ್ಟು ತಿರುವಿದ. ಅಲ್ಲಿಗೆ ಸದ್ದು ನಿಂತಿತು.

ಅಮೃತವ್ವ ಓಡಿ ಬಂದು ಗಂಡನ ಮೇಲೆ ಕವುಚಿ ಬಿದ್ದಳು. ಅವಳ ಬೆನ್ನಿಗೂ ಎರಡು ಬಿದ್ದವು.

“ಹೊಡೀರಲೇ! ನನ್ನೂ ಹೊಡೀರಿ! ನಿಮ್ಮ ಹೇಲು ಬಳದ ಕೈ ಅದಾವ ಇವು, ಮುಟ್ಟಿದ್ರ ನಿಮಗ ಮೈಲಿಗಿ ಆದೀತು, ನೋಡ್ಕೊಂಡ ಹೊಡೀರಿ!”

“ದಯವಿಟ್ಟು ಎಲ್ಲರೂ ಶಾಂತರೀತಿಯಿಂದ ಕುಳಿತುಕೊಳ್ಳಬೇಕು,” ಜಯತೀರ್ಥ ಮಾಸ್ತರರು ಮೈಕಿನಲ್ಲಿ ಹೇಳುತ್ತಿದ್ದರು. “ಕಾರ್ಯಕ್ರಮ ಮುಂದುವರಿಯುತ್ತದೆ. ದಯವಿಟ್ಟು...” ಅತಿಥಿಗಳು ತಮ್ಮ ಕಾರು ಎಲ್ಲಿದೆ ಎಂದು ಪಕ್ಕದವರನ್ನು ಕೇಳಿದರು.

ಶೈಲಾ ವೇದಿಕೆಯಿಂದಿಳಿದು ಬಂದಳು. ಅಪ್ಪನ ಬಾಯಿಂದ ರಕ್ತ ಬರುತ್ತಿತ್ತು. ಬಲಗೈಯ ಬೆರಳುಗಳು ಎತ್ತೆತ್ತಲೋ ತಿರುಗಿದ್ದವು. ಅವ್ವ ಆ ಬಿಳಿ ಅಂಗಿಯನ್ನು ಹರಿದು ಕಟ್ಟುತ್ತಿದ್ದಳು. ಶೈಲಾ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಹೊಡೆಯುತ್ತಿದ್ದ ಹುಡುಗರು ಹಿಂದೆ ಸರಿದರು. ಅಷ್ಟರಲ್ಲಿ ದೂರದ ಕೇರಿಯಿಂದ ಒಂದು ಪೆಟ್ಟು ಕೇಳಿಸಿತು. ತಡೆದು ಇನ್ನೊಂದು. ಆಮೇಲೆ ಎರಡು ಕೂಡಿ.

ಎಲ್ಲರೂ ಆ ಕಡೆ ತಿರುಗಿದರು. ಮತ್ತೊಂದು ಹಲಗೆ ಸೇರಿಕೊಂಡಿತು. ಮಗುದೊಂದು. ಸದ್ದು ಕೇರಿ ದಾಟಿ ಊರೊಳಗೆ ಬಂತು.

“ಗೇಟ್ ಹಾಕ್ರಲೇ!” ಗೌಡ ಒದರಿದ. “ಒಬ್ಬಾಂವನೂ ಒಳಗ ಬರಬಾರದು!”

ಅವನ ಆಳುಗಳು ಓಡಿದರು. ಅಪ್ಪನ ತಲೆಯನ್ನು ಅವ್ವನ ತೊಡೆಗೆ ಕೊಟ್ಟು ಓಡಿದ ಶೈಲಾ ಅವರಿಗಿಂತ ಮೊದಲು ಅಲ್ಲಿದ್ದಳು. ಎರಡು ಕಬ್ಬಿಣದ ಬಾಗಿಲುಗಳ ನಡುವೆ ನಿಂತು, ಒಂದೊಂದು ಕೈಯಿಂದ ಒಂದೊಂದನ್ನು ಹಿಡಿದಿದ್ದಳು.

“ಬಾಜೂಕ ಸರಿ ಹುಡುಗೀ. ಕೈ ಜಜ್ಜೀತು,” ಎಂದ ಒಬ್ಬ ಆಳು.

“ಜಜ್ಜಲಿ.”

“ಅಡ್ಡ ನಿಂತ್ರ ನಿನ್ನೂ ಬಿಡಂಗಿಲ್ಲ ನೋಡ!”

ಅವಳು ಹಿಡಿತ ಬಿಗಿ ಮಾಡಿದಳು. ಹಲಗೆಗಳು ಹನಮಂತದೇವರ ಗುಡಿಯ ತಿರುವು ದಾಟುತ್ತಿದ್ದವು. ಆಳುಗಳು ಗೌಡನ ಮುಖ ನೋಡಿದರು. ಗೌಡ ತಲೆ ಆಡಿಸಿದ. ಅವರು ಬಾಗಿಲಿಗೆ ಹೆಗಲು ಕೊಟ್ಟು ನೂಕತೊಡಗಿದರು.