ಸೈಲೆನ್ಸರಿನ ಪಕ್ಕದ ದಾರಿ

ಹೊಸ ರಬ್ಬರಿನ ಈ ವಾಸನೆ, ಮೂಗಿಗೆ ಹತ್ತಿದರೆ ಸಂಜೆಯವರೆಗೂ ಬಿಡುವುದಿಲ್ಲ, ಕಪ್ಪು ಪೈಪನ್ನು ಹೆಬ್ಬೆರಳಿನ ಸುತ್ತ ಬಗ್ಗಿಸಿ ನೋಡುತ್ತಾನೆ, ಬಿರುಕಿಲ್ಲ, ಒಳಗೆ ನೂಲಿನ ನೇಯ್ಗೆ, ಪೆಟ್ರೋಲಿಗೆಂದೇ ಮಾಡಿದ್ದು, ಕೈ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ, ಮನುಷ್ಯನ ಬೆನ್ನಿಗೆ ಆ ಭಾಗ್ಯವಿಲ್ಲ, ಮೊಣಕಾಲೂರಿ ಕೂತರೆ ಏಳುವುದಕ್ಕೆ ದೇವರ ಹೆಸರು ಎರಡು ಸಲ ಬೇಕು — ಏನೋ ಸಂತ, ಪೈಪಿಗೂ ಜಪ ಮಾಡ್ತಿದೀಯಾ, ಅಕ್ಕ ಹಿಂದಿನಿಂದ ಕೇಳುತ್ತಾಳೆ, ಸಸಿಗಳ ನಡುವೆ ಬಕೆಟ್ಟು ಬೋರಲು ಹಾಕಿ ಕೂತಿದ್ದಾಳೆ, ಒಬ್ಬಳೇ ಈ ಸಸಿತೋಟ ಕಟ್ಟಿದವಳು, ನಲವತ್ತು ವರ್ಷದ ಈ ಕುಳ್ಳ ಟ್ರ್ಯಾಕ್ಟರಿಗೂ ಅವಳಿಗೂ ಒಂದೇ ಹಠ, ತಣ್ಣಗಿದ್ದರೆ ಏಳುವುದಿಲ್ಲ, ಬಿಸಿಯಾದರೆ ನಿಲ್ಲುವುದಿಲ್ಲ. ಜಪ ಅಲ್ಲ ಅಕ್ಕ, ಅಳತೆ. ಟ್ಯಾಂಕು ಮೇಲೆ, ಕಾರ್ಬುರೇಟರು ಕೆಳಗೆ, ಪಂಪಿಲ್ಲದ ಎಂಜಿನ್ನು, ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿಯಬೇಕು, ಪೈಪಿಗೆ ಎಲ್ಲೂ ಗೂನು ಬರಬಾರದು, ಗೂನು ಬಂದರೆ ಅಲ್ಲಿ ಗಾಳಿ ಮನೆ ಮಾಡುತ್ತದೆ. ದಾರಿ ಎರಡು. ನೇರದ್ದು ಒಂದು ಗೇಣು, ಸೈಲೆನ್ಸರಿನ ಮಗ್ಗುಲಲ್ಲೇ. ಸುತ್ತಿನದು ಫ್ಯಾನಿನ ಕವಚದ ಹಿಂದೆ, ನಾಲ್ಕು ಬೋಲ್ಟು ಬಿಚ್ಚಬೇಕು, ಅದರಲ್ಲೊಂದು ತುಕ್ಕಿನ ಜೊತೆ ಸಂಸಾರ ಹೂಡಿದೆ, ಮೈ ಆಗಲೇ ದಣಿದಿದೆ.

ಹೋದ ವರ್ಷವೂ ಇಂಥದೇ ಸುಸ್ತು, ಗಾರೆಯವರು ನೀರು ತುಂಬಿ ಮಟ್ಟ ನೋಡುವ, ಗಾಜಿನಂಥ ಪ್ಲಾಸ್ಟಿಕ್ ಪೈಪಿನ ತುಂಡೊಂದು ಗೂಡಿನಲ್ಲಿತ್ತು, ಪೆಟ್ರೋಲು ಹರಿಯುವುದು ಕಣ್ಣಿಗೆ ಕಾಣುತ್ತದಲ್ಲ ಎಂದು ಹಿಗ್ಗಿ ಅದನ್ನೇ ಎಳೆದ, ನೇರ ದಾರಿಯಲ್ಲೇ ಎಳೆದ, ನೋಡು ಅಕ್ಕ ಎಷ್ಟು ಚೊಕ್ಕ, ಅವಳು ದೂರದಿಂದಲೇ ತಲೆಯಾಡಿಸಿದಳು, ಹೌದು ಮೂರು ತಿಂಗಳು ಚೊಕ್ಕ, ಆಮೇಲೆ ಹಳದಿಗಟ್ಟಿ, ಶಾಖಕ್ಕೆ ಸೀಳಿ, ಹನಿ, ಹನಿಯ ಹಿಂದೆ ಹನಿ, ಭಗ್ಗನೆ — ಟ್ಯಾಂಕಿನ ನಲ್ಲಿ ಮುಚ್ಚಲು ಅವಳು ಚಾಚಿದ ಆ ಕೈ. ಆಗಷ್ಟೇ ಪೆಟ್ರೋಲು ತುಂಬಿಸಿದ್ದಳು, ಊರವರಿಗೆ ಅಷ್ಟು ಸಾಕಾಯಿತು, ಚೆಲ್ಲಿರ್ತಾಳೆ ಬಿಡಿ, ಅವಸರದ ಹೆಂಗಸು, ಅವಳೂ ಅದನ್ನೇ ಹಿಡಿದಳು, ನನ್ ಅವಸರಾನೇ ಕಣೋ ನನ್ನ ಸುಟ್ಟಿದ್ದು. ಮರುದಿನ ಕರಗಿ ಅಂಟಿದ್ದ ಪೈಪನ್ನು ಚಾಕುವಿನಿಂದ ಕೆರೆದು ಜೇಬಿಗೆ ಹಾಕಿಕೊಂಡವನು ಅವನು, ಮೇಲಿನವನೊಬ್ಬನೇ ನೋಡಿದ, ಇನ್ಯಾರೂ ಇರಲಿಲ್ಲ, ಅಂದಿನಿಂದ ಪ್ರಾರ್ಥನೆಗೆ ಕೂತಾಗಲೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಮತ್ತೆ ಅವಳು, ಹಾಲು ಕಾಯಿಸುವಾಗಲೂ ಒಲೆಯಿಂದ ಎರಡು ಹೆಜ್ಜೆ ಆಚೆ ನಿಲ್ಲುತ್ತಾಳೆ, ಕತ್ತರಿ ಹಿಡಿದರೆ ಮೂರು ಸಲ ನೋಡಿ ಕತ್ತರಿಸುತ್ತಾಳೆ, ತನ್ನ ಕೈಯನ್ನೇ ನಂಬದವಳಾಗಿದ್ದಾಳೆ, ಆ ಕೈಯನ್ನು. ಕವಚ ಯಾಕೋ ಬಿಚ್ತೀಯಾ, ಹೋದ ಸಲದ ಹಾಗೇ ಹಾಕು, ಪೈಪಿನ ತಪ್ಪೇನಿತ್ತು ಪಾಪ. ಇರ್ಲಿ ಅಕ್ಕ. ಬೆನ್ನು ಮುರ್ಕೊಂಡು ನನ್ ತಲೆ ಮೇಲೆ ಹಾಕ್ಬೇಡ. ಇರ್ಲಿ ಅಂದ್ನಲ್ಲ. ನಾಲ್ಕನೆಯ ಬೋಲ್ಟು ಕೀಚೆಂದು ಬರುತ್ತದೆ, ಗೆಣ್ಣಿನ ಸಿಪ್ಪೆ ಎದ್ದು ಹೋಗುತ್ತದೆ, ಉರಿಯಲಿ, ಇಷ್ಟಾದರೂ ಉರಿಯಲಿ, ಪೈಪು ಸುತ್ತಿ ಇಳಿಯುತ್ತದೆ, ಫಿಲ್ಟರಿನ ಬಾಣ ಎಂಜಿನ್ನಿನ ಕಡೆಗೆ, ಕ್ಲಿಪ್ಪು, ಇನ್ನೊಂದು ಕ್ಲಿಪ್ಪು, ನಲ್ಲಿ ತಿರುಗಿಸಿ ತಳವನ್ನು ಬಟ್ಟೆಯಿಂದ ಒರೆಸಿ ನೋಡುತ್ತಾನೆ, ಒಣಗಿದೆ.

ಅಕ್ಕ ಬಂದು ಪಕ್ಕದಲ್ಲಿ ಕುಕ್ಕರಿಸಿದಳು, ಓಡಿಸೋಳು ನಾನು, ನೋಡ್ಬೇಕಲ್ಲ, ಬೆರಳಿನಿಂದಲೇ ಪೈಪಿನ ಹಿಂದೆ ನಡೆದಳು, ಅಬ್ಬಾ, ಹಿತ್ತಲಿಗೆ ಹೋಗೋಕೆ ಊರೆಲ್ಲ ಸುತ್ತಿದ ಹಾಗಿದೆಯಲ್ಲೋ, ನಕ್ಕಳು, ಆಮೇಲೆ ಬೆರಳು ಸುಮ್ಮನೆ ಹತ್ತಿರದ ದಾರಿ ಹುಡುಕಿತು, ಸೈಲೆನ್ಸರಿನ ಪಕ್ಕದ ತಗಡು, ಅಲ್ಲೊಂದು ತೂತು, ಹಳೆಯ ಕ್ಲಿಪ್ಪಿಗೆಂದು ಅವನೇ ಕೊರೆದದ್ದು, ಸುತ್ತ ಮಸಿ. ಇಲ್ಲಿತ್ತಾ ಆ ಪೈಪು? ಹೂಂ. ಇಷ್ಟು ಹತ್ತಿರ? ಹೂಂ ಅಕ್ಕ. ಎಂಜಿನ್ನು ತಣ್ಣಗಿದೆ, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿದೆ, ಹಾಗಾದ್ರೆ ನಾನು ಚೆಲ್ಲಿರ್ಲಿಲ್ವೇನೋ, ಧ್ವನಿ ಎಷ್ಟು ಸಣ್ಣದು, ದೇವರೇ, ಇಲ್ಲ ಅಕ್ಕ, ಒಂದು ಹನೀನೂ ಚೆಲ್ಲಿರ್ಲಿಲ್ಲ, ನಿನ್ ಕೈ ಸರಿಯಾಗೇ ಇತ್ತು, ಪೈಪು ನಂದು — ಬೈಯಲಿ, ಎದ್ದು ಹೋಗಲಿ, ಏನಾದರೂ — ಬೆರಳು, ಸುಟ್ಟು ನುಣುಪಾಗಿ ಗೆರೆಗಳೇ ಅಳಿಸಿಹೋದ ಬೆರಳು, ಆ ತೂತಿನ ಮೇಲೆ, ಅಲ್ಲೇ, ಇನ್ನೂ ಅಲ್ಲೇ