ಇಂಜಿನಿಗೆ ಹೊದೆಸಿದ ಗೋಣಿ

ತೋಡಾರಿನ ಸುಬ್ಬಯ್ಯ ಶೆಟ್ಟರ ಪಂಪಿನ ಇಂಜಿನು ಸ್ಟಾರ್ಟ್ ಆದರೆ ಮಡಂತ್ಯಾರಿನ ಹೋಟೆಲಿನಲ್ಲಿ ಚಾದ ಗ್ಲಾಸುಗಳು ಕುಣಿಯುತ್ತಿದ್ದವು. ಧರ್ಮಸ್ಥಳದಲ್ಲಿ ಯಾತ್ರಿಕರು ಗುಡುಗೆಂದು ಕೊಡೆ ಬಿಡಿಸುತ್ತಿದ್ದರು. ನಂಬದವರು ಆ ಕೊಡೆಗಳನ್ನೇ ಕೇಳಲಿ. ಬೇರೆಯವರ ಇಂಜಿನುಗಳು ಎಮ್ಮೆಗಳ ಹಾಗೆ ತೊಟ್ಟಿಗಟ್ಟಲೆ ನೀರು ಬೇಡಿದರೆ, ಇದು ಬರೀ ಗಾಳಿಯಲ್ಲೇ ತಣಿಯುವ ತಪಸ್ವಿ. ಫ್ಯಾನು ಬೀಸಿದ ಗಾಳಿ ಸಿಲಿಂಡರಿನ ಸುತ್ತಲಿನ ಕಬ್ಬಿಣದ ಪಕ್ಕೆಲುಬುಗಳ ಸಂದಿಯಲ್ಲಿ ಹಾಯುತ್ತಿರಬೇಕು, ಅಷ್ಟೆ.

ಆ ಸಂದಿಗಳ ಉಸಾಬರಿ ಶೆಟ್ಟರ ತಂಗಿ ಸರಸಳದು. ದಿನಾ ಬೆಳಿಗ್ಗೆ ಹಿಡಿಸೂಡಿ ಪೊರಕೆಯ ಕಡ್ಡಿ ಮುರಿದು, ಒಳಗಿನ ಧೂಳು, ಹುಲ್ಲು, ಜಿಡ್ಡು ಕೆದಕಿ ತೆಗೆಯುತ್ತಿದ್ದಳು. ಸುಮ್ಮನೆ ಅಲ್ಲ. ಅಣ್ಣನ ಗದ್ದೆಗಳು ತುಂಬಿದ ಮೇಲೆ ಕೊನೆಯ ನೀರು, ಮಳೆನೀರು ಹರಿಯುವ ತೋಡಿನಾಚೆಯ ಅವಳ ಒಂಟಿ ಗದ್ದೆಗೆ ಬರುತ್ತಿತ್ತು. ಆ ಬೇಸಿಗೆಯ ಕೊಳಕೆ ಬೆಳೆಯೇ ಅವಳ ವರ್ಷದ ಗಂಜಿ.

ಚೀನಾ ಯುದ್ಧ ಮುಗಿದ ಮೇಲೆ ಕೆಡ್ಡಸ ಬಂತು. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಯಾರೂ ನೆಲ ಕೆದಕುವಂತಿಲ್ಲ. ಇಂಜಿನಿನ ಗುದ್ದಿಗೆ ತಾಯಿಯ ಸೊಂಟ ನೋಯುತ್ತದೆಂದು ಶೆಟ್ಟರು ಅದನ್ನೂ ನಿಲ್ಲಿಸಿದರು. ಮಂಜು ಬೀಳುವ ಕಾಲ. ಗಾಳಿ ಕುಡಿಯುವ ಇಂಜಿನಿಗೆ ಶೀತ ಹಿಡಿಯದೆ ಇದ್ದೀತೇ? ಗೋಣಿಗಳನ್ನು ಹೊಲಿದು, ಹ್ಯಾಂಡಲಿನ ಜಾಗ ಮಾತ್ರ ಬಿಟ್ಟು ಹೊದೆಸಿದರು. ಹೆತ್ತ ಮಕ್ಕಳಿಗೂ ಅವರು ಅಷ್ಟು ಹೊದೆಸಿದ್ದಿಲ್ಲ.

ಕೆಡ್ಡಸ ಕಳೆದ ಬೆಳಿಗ್ಗೆ ಗೋಣಿ ತೆಗೆಯದೆಯೇ ಹ್ಯಾಂಡಲ್ ತಿರುಗಿಸಲು ಬಗ್ಗಿದರು.

“ಅಣ್ಣಾ, ಗೋಣಿ ತೆಗೆಯಿರಿ. ಅದಕ್ಕೆ ಉಸಿರು ಕಟ್ಟುತ್ತದೆ,” ಎಂದಳು ಸರಸ.

“ಮೂರು ದಿನ ಥಂಡಿಯಲ್ಲಿ ಮಲಗಿದ್ದು ಮಾರಾಯ್ತಿ, ಸ್ವಲ್ಪ ಬೆವರಲಿ. ನೀನು ಯಾವಾಗ ಇಂಜಿನಿಯರ್ ಆದದ್ದು?”

ಆಳುಗಳು ನಕ್ಕರು. ಇಂಜಿನು ಬೆವರಿತು. ಗಂಜಿ ಬೇಯುವಷ್ಟರಲ್ಲಿ ಗೋಣಿಯೇ ಹೊಗೆಯಾಡಿತು. ಆ ಹೊಗೆಗೆ ಮೂಡುಬಿದಿರೆಯ ಕಾಗೆಗಳೆಲ್ಲ ಸಂಜೆಯಾಯಿತೆಂದು ಗೂಡಿಗೆ ಮರಳಿದವು. ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿದು ಇಂಜಿನು ನಿಂತೇ ಹೋಯಿತು.

ಮಧ್ಯಾಹ್ನದೊಳಗೆ ಶೆಟ್ಟರ ಮಾತು ಊರೆಲ್ಲ ಹರಡಿತ್ತು: “ಕೆಡ್ಡಸದಲ್ಲಿ ನಮ್ಮ ಸರಸ ಕದ್ದು ಇಂಜಿನು ಬಿಟ್ಟಿದ್ದಾಳೆ. ತಾಯಿ ಸುಮ್ಮನೆ ಬಿಡ್ತಾಳಾ?”

ಧರ್ಮಸ್ಥಳಕ್ಕೆ ಕೇಳುವ ಇಂಜಿನನ್ನು ಕದ್ದು ಬಿಡುವುದು ಹೇಗೆಂದು ಒಬ್ಬನೂ ಕೇಳಲಿಲ್ಲ.

ಮಡಂತ್ಯಾರಿನಿಂದ ರಿಪೇರಿಯ ಹನೀಫಾ ಬಂದ. ಪಕ್ಕೆಲುಬುಗಳ ಸಂದಿಯಿಂದ ಸುಟ್ಟ ಗೋಣಿನಾರು ಹೊರಗೆಳೆದ.

“ಹೇಳು ಹನೀಫಾ, ಯಾಕೆ ಹೀಗಾಯ್ತು?” ಸರಸ ಕೇಳಿದಳು.

ಶೆಟ್ಟರು ಕೆಮ್ಮಿದರು. “ಹೊಸ ಇಂಜಿನು ನಿನ್ನ ಕೈಯಿಂದಲೇ ತರಿಸುವ ಅಂತ ಉಂಟು, ಹನೀಫಾ.”

ಹನೀಫಾ ನಾರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. “ಹಳೇ ಕಬ್ಬಿಣ ಅಕ್ಕಾ. ಹೇಳ್ಲಿಕ್ಕಾಗುದಿಲ್ಲ,” ಎಂದವನು ಅವಳ ಮುಖ ನೋಡಲಿಲ್ಲ.

ಸರಸಳ ಪೈರು ಒಣಗಿತು. ಇದಕ್ಕೆ ಉಪ್ಪುಖಾರ ಹಚ್ಚುವ ಅಗತ್ಯವಿಲ್ಲ, ಪೂರ್ತಿ ಒಣಗಿತು.

ಹೊಸದು ಬಂತು, ಅದೂ ಗಾಳಿಯದ್ದೇ. ನೀರು ಮಾತ್ರ ತೋಡು ದಾಟಲಿಲ್ಲ. “ದೋಷದ ಗದ್ದೆ,” ಎಂದರು ಶೆಟ್ಟರು. ಸರಸ ಕಂಡವರ ಮನೆಯ ಭತ್ತ ಕುಟ್ಟಿ ಉಂಡಳು.

ಮರುವರ್ಷದ ಕೆಡ್ಡಸಕ್ಕೆ ಶೆಟ್ಟರು ಮತ್ತೆ ಗೋಣಿ ಹೊಲಿಯುತ್ತ ಕೂತಿದ್ದರು. ಸರಸ ತನ್ನ ಕಂಬಳಿ ಹಿಡಿದುಕೊಂಡು ತೋಡು ದಾಟಿ ಬಂದಳು.

“ಈ ಸಲ ಮಂಜು ಜಾಸ್ತಿ ಉಂಟು, ಅಣ್ಣಾ. ಗೋಣಿ ಸಾಕಾಗ್ಲಿಕ್ಕಿಲ್ಲ. ಇದನ್ನೂ ಹೊದೆಸಿ.”

“ಈಗ ಬುದ್ಧಿ ಬಂತು ನೋಡು!” ಶೆಟ್ಟರು ಹಿಗ್ಗಿದರು.

ಸರಸ ತಾನೇ ಬಗ್ಗಿ ಕಂಬಳಿಯ ಅಂಚುಗಳನ್ನು ಸಿಕ್ಕಿಸಿದಳು. ಎಲ್ಲೆಲ್ಲಿ ಕಡ್ಡಿ ಆಡಿಸಬೇಕೆಂದು ಬಲ್ಲ ಕೈ. ಒಂದು ಸಂದಿಯನ್ನೂ ಬಿಡಲಿಲ್ಲ.